ಮುನ್ನೂರ ಹನ್ನೆರಡು ವರ್ಷದವಳನ್ನು ಏನಂತ ಕರೆಯೋದು?

ನನ್ನ ಈ ಕಾದಂಬರಿ ನಡೆಯಲ್ಲ ಅಂತ ನನಗೆ ಹೇಳಿದವರು ಏನಿಲ್ಲವೆಂದರೂ ಆರು ಜನ. ಇಬ್ಬರು ಕಥೆಗಾರರು, ಒಬ್ಬರು ಪ್ರಕಾಶಕರು, ಒಬ್ಬಳು ನನ್ನ ಹೆಂಡತಿ. ಮಿಕ್ಕವರ ವಿಷಯ ಬಿಡಿ. ಈಗ 500 ಪ್ರತಿಯಲ್ಲಿ 430ರ ಹತ್ತಿರ ಖಾಲಿಯಾಗಿವೆ. ಅದಕ್ಕೇ ಈ ಧೈರ್ಯ.

ಕಥೆ ಸಣ್ಣದು. ಶಿರಾ ಕಡೆಯ ಒಂದು ಹುಣಸೆತೋಪು. ಅಲ್ಲೊಬ್ಬಳು ಯಕ್ಷಿ. ವಯಸ್ಸು 312, ನೋಡೋಕೆ ಹತ್ತೊಂಬತ್ತು. 1941ರಲ್ಲಿ ಎಂಟು ವರ್ಷದ ಸಿದ್ದನಿಗೆ ಅವಳು ಕಾಣಿಸುತ್ತಾಳೆ. 2004ರಲ್ಲಿ, ಎಪ್ಪತ್ತೊಂದನೇ ವಯಸ್ಸಿಗೆ, ಅವಳ ಕಣ್ಣೆದುರೇ ಸಾಯುತ್ತಾನೆ. ನಡುವಿನದೆಲ್ಲ ಇವರಿಬ್ಬರ ಸಂಬಂಧ.

ಮೊದಲ ಸಲ ಬರೆದಾಗ ‘ಅವಳು ಬಂದಳು, ಅವಳು ನಕ್ಕಳು’ ಅಂತಲೇ ಹೊಡೆದುಕೊಂಡು ಹೋದೆ. 200 ಪ್ರತಿ ಹಾಕಿಸಿದೆ, 28 ಸಾವಿರ ಖರ್ಚು. ಅರವತ್ತು ಪುಸ್ತಕ ಹೋದವು, ಅದೂ ಅರ್ಧಬೆಲೆಗೆ. ಮಿಕ್ಕವು ಇವತ್ತಿಗೂ ಮಂಚದ ಕೆಳಗಿವೆ. ಓದಿದವರ ಮಾತು ಒಂದೇ: ‘ಚೆನ್ನಾಗಿದೆ, ಆದರೆ ಅವಳು ಕಾಲೇಜು ಹುಡುಗಿ ಥರ ಇದ್ದಾಳೆ.’ ಮುನ್ನೂರು ವರ್ಷ ಬರೀ ಅಂಕಿಯಾಗಿ ಪುಟದ ಮೇಲೆ ಕೂತಿತ್ತು.

ಎರಡನೇ ಸಲ ಪೂರ್ತಿ ಉಲ್ಟಾ ಹೊಡೆದೆ. ‘ಅವರು ಬಂದರು, ಅವರು ನಕ್ಕರು.’ ಅಚ್ಚಿಗೆ ಕೊಡುವ ಮುಂಚೆ ಗೆಳೆಯನಿಗೆ ಕೊಟ್ಟೆ, ಪುಣ್ಯಕ್ಕೆ. ‘ಏನಯ್ಯಾ, ಹೈಸ್ಕೂಲ್ ಮೇಡಂ ಬಗ್ಗೆ ಬರೆದ ಹಾಗಿದೆ’ ಅಂದ. ಆರು ತಿಂಗಳು ಫೈಲು ತೆಗೆಯಲಿಲ್ಲ.

ದಾರಿ ಸಿಕ್ಕಿದ್ದು ಒಂದು ಮದುವೆಮನೆಯಲ್ಲಿ. ಪಂಕ್ತಿ ಏಳುವ ಹೊತ್ತು. ಅರವತ್ತು ದಾಟಿದ ನಮ್ಮ ದೊಡ್ಡಪ್ಪ, ಹನ್ನೆರಡು ವರ್ಷದ ಒಂದು ಹುಡುಗಿಗೆ ‘ಬಾ ಚಿಕ್ಕಮ್ಮ, ಇಲ್ಲಿ ಎಲೆ ಖಾಲಿ ಇದೆ, ಕೂತ್ಕೋ’ ಅಂದರು. ಹುಡುಗಿ ಅವರ ತಾಯಿಯ ಚಿಕ್ಕಪ್ಪನ ಕೊನೇ ಮಗಳು. ಯಾರೂ ನಗಲಿಲ್ಲ. ಆ ಹುಡುಗಿಯೂ ಗಂಭೀರವಾಗಿ ಹೋಗಿ ಕೂತಳು. ನಾನು ಜಿಲೇಬಿ ಕೈಯಲ್ಲಿ ಹಿಡಿದುಕೊಂಡೇ ಯೋಚನೆ ಮಾಡಿದೆ. ಕರೆಯೋದು ಚಿಕ್ಕಮ್ಮ, ಕ್ರಿಯಾಪದ ‘ಬಾ’. ದೊಡ್ಡವಳೂ ಹೌದು, ಚಿಕ್ಕವಳೂ ಹೌದು. ನಾನು ಎರಡು ವರ್ಷ ಹುಡುಕಿದ್ದು ನಮ್ಮ ಮನೆಯಲ್ಲೇ ಇತ್ತು.

ಮನೆಗೆ ಬಂದವನೇ ಒಂದು ನೋಟ್‌ಬುಕ್ ಮಾಡಿದೆ. ಎಡಕ್ಕೆ ಸಿದ್ದನ ವಯಸ್ಸು, ಬಲಕ್ಕೆ ಅವನು ಅವಳನ್ನು ಕರೆಯುವ ಮಾತು. ಎಂಟಕ್ಕೆ ‘ಅಕ್ಕಾ’. ಹದಿನೈದಕ್ಕೂ ಅದೇ, ಆದರೆ ಬೇರೆಯವರ ಮುಂದೆ ಕರೆಯೋಕೆ ನಾಚಿಕೆ. ಇಪ್ಪತ್ತೆರಡಕ್ಕೆ? ಇಲ್ಲಿ ಪೆನ್ನು ನಿಂತಿತು. ಮನಸ್ಸಲ್ಲಿ ಆಸೆ ಬಂದಮೇಲೆ ಅಕ್ಕ ಅನ್ನೋಕಾಗಲ್ಲ. ಹೆಸರು ಹಿಡಿಯೋಕೂ ಆಗಲ್ಲ. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆ? ಏನೂ ಕರೆಯಲ್ಲ. ‘ಇಲ್ನೋಡು’, ‘ಕೇಳಿಸ್ತಾ’ ಅಂತ ಕಾಲ ತಳ್ಳುತ್ತಾರೆ. ಹಾಗಾಗಿ ಸಿದ್ದನ ಇಪ್ಪತ್ತೆರಡರಿಂದ ಮೂವತ್ತರವರೆಗೆ, ಸುಮಾರು ನಲವತ್ತು ಪುಟ, ಅವನು ಅವಳನ್ನು ಏನಂತಲೂ ಕರೆಯುವುದಿಲ್ಲ. ಪ್ರೀತಿ ಅನ್ನುವ ಮಾತು ಅಲ್ಲಿ ಒಂದು ಸಲವೂ ಇಲ್ಲ. ಆದರೂ ಓದುಗರು ಪತ್ರ ಬರೆದಿದ್ದು ಆ ನಲವತ್ತು ಪುಟದ ಬಗ್ಗೆಯೇ. ಇದು ಸ್ವಲ್ಪ ಜಂಬದ ಮಾತಾಯಿತು, ಇರಲಿ.

ನಲವತ್ತೈದಕ್ಕೆ ‘ತಂಗೀ’. ಅರವತ್ತಕ್ಕೆ ಊರವರ ಮುಂದೆ ‘ನಮ್ಮ ಮೊಮ್ಮಗಳು’. ಕೊನೆಯ ಪುಟದಲ್ಲಿ ಏನು ಅಂತ ಓದಿದವರಿಗೆ ಗೊತ್ತು. ನಿರೂಪಣೆಯಲ್ಲಿ ‘ಬಂದಳು’ ಒಂದೇ ಒಂದು ಕಡೆ ‘ಬಂದರು’ ಆಗುತ್ತದೆ. ಅದು ಎಲ್ಲಿ, ಯಾಕೆ ಅಂತ ಹೇಳಲ್ಲ. ಪ್ರೂಫ್ ನೋಡಿದವರು ತಪ್ಪು ಅಂತ ಎರಡು ಸಲ ತಿದ್ದಿದರು, ಎರಡು ಸಲವೂ ನಾನು ವಾಪಸ್ ಹಾಕಿಸಿದೆ.

ಅವಳ ವಯಸ್ಸು ತೋರಿಸೋಕೆ ಬಿಳಿಕೂದಲು, ಗಾಢವಾದ ಕಣ್ಣು ಇವೆಲ್ಲ ಬಳಸಲಿಲ್ಲ. ಲೆಕ್ಕ ಬಳಸಿದೆ. 1957ರಲ್ಲಿ ನಯಾಪೈಸೆ ಬಂದ ಮೇಲೂ ಅವಳ ರೂಪಾಯಿಗೆ ಹದಿನಾರೇ ಆಣೆ. ರಾಗಿಯನ್ನು ಕೊಳಗದಲ್ಲೇ ಅಳೆಯುತ್ತಾಳೆ. ಇದು ಎಲ್ಲರೂ ಮಾಡುವುದೇ. ನನಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಸಂವತ್ಸರ. ಅರವತ್ತಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದಲ್ಲ. ನಾವು ಒಂದು ಹೆಸರನ್ನು ಎರಡು ಸಲ ಕಂಡರೆ ಪುಣ್ಯ. ಅವಳು ಐದು ಸಲ ಕಂಡಿದ್ದಾಳೆ. ಒಂದು ಸಂಜೆ ಅವಳು ‘ಧಾತು ವರ್ಷ ಮಕ್ಕಳನ್ನು ಹೂತೂ ಹೂತೂ ಕೈ ಸೋತಿತ್ತು’ ಅನ್ನುತ್ತಾಳೆ. ಸಿದ್ದ 1936 ಅಂದುಕೊಳ್ಳುತ್ತಾನೆ. ‘ಆಗ ನನಗೆ ಮೂರು ವರ್ಷ. ಊರಲ್ಲಿ ಯಾರೂ ಹಾಗೆ ಸತ್ತಿರಲಿಲ್ಲವಲ್ಲ?’ ಅವಳು ಹುಣಸೆಬೀಜ ಸುಲಿಯುತ್ತಾ ಹೇಳುತ್ತಾಳೆ, ‘ಆ ಧಾತು ಅಲ್ಲ.’

ಅಲ್ಲಿಗೆ ಅಧ್ಯಾಯ ಮುಗಿಸಿದೆ. ಅವಳು ಹೇಳಿದ್ದು 1876ರ ಧಾತು. ಮುಂದಿನ ಈಶ್ವರ ಸಂವತ್ಸರವನ್ನೂ ಸೇರಿಸಿ ಧಾತು ಈಶ್ವರದ ಬರ ಅಂತಾರಲ್ಲ, ಅದು. ಮೈಸೂರು ಸಂಸ್ಥಾನದ ಜನರಲ್ಲಿ ಹತ್ತಿರಹತ್ತಿರ ಐದನೇ ಒಂದು ಭಾಗ ಅಳಿಸಿಹೋದ ಬರ. ಇದನ್ನೆಲ್ಲ ಪುಸ್ತಕದಲ್ಲಿ ವಿವರಿಸಿಲ್ಲ. ಒಬ್ಬ ವಿಮರ್ಶಕರು ಅಡಿಟಿಪ್ಪಣಿ ಬೇಕಿತ್ತು ಅಂದರು. ಬೇಡ.

ಅಡ್ಡದಾರಿಗಳೂ ಇವೆ. ಗ್ರೀನ್‌ಲ್ಯಾಂಡ್ ಶಾರ್ಕ್ ಅಂತ ಒಂದು ಮೀನಿದೆ. ಹೆಣ್ಣು ಮೀನು ಪ್ರಾಯಕ್ಕೆ ಬರೋಕೆ ಸುಮಾರು 150 ವರ್ಷ ಬೇಕು. ಯಕ್ಷಿಯೂ ಹಾಗೆ ನಿಧಾನಕ್ಕೆ ಬೆಳೆದರೆ ಹೇಗೆ ಅಂತ ಪಟ್ಟಿ ಹಾಕಿದೆ. ತಾಯಿ ಮನುಷ್ಯಳಾದರೆ ಮಗುವನ್ನು ಹತ್ತು ಹದಿನೈದು ವರ್ಷ ಕಂಕುಳಲ್ಲೇ ಹೊರಬೇಕು, ಹಾಲುಹಲ್ಲು ಉದುರುವ ಹೊತ್ತಿಗೆ ಮುದುಕಿಯಾಗಿರುತ್ತಾಳೆ. ಕಾದಂಬರಿಗೆ ಆಗಲಿಲ್ಲ. ಅದೇ ಒಂದು ಸಣ್ಣಕಥೆಯಾಗಿ ಮಾಸಪತ್ರಿಕೆಯಲ್ಲಿ ಬಂತು, 750 ರೂಪಾಯಿ ಸಂಭಾವನೆ. ಇನ್ನೊಂದು ಪ್ರಯೋಗ ಯಯಾತಿಯದು. ಪುರು ತನ್ನ ಪ್ರಾಯ ಕೊಟ್ಟ ಮಾರನೇ ದಿನ, ಮಗ ಮುದುಕ, ಅಪ್ಪ ಹುಡುಗ. ಇಬ್ಬರೂ ಊಟಕ್ಕೆ ಕೂತರೆ ಮೊದಲು ಬಡಿಸೋದು ಯಾರಿಗೆ? ಅಷ್ಟನ್ನೇ ಎಂಟು ಪುಟ ಬರೆದೆ. ಅಡುಗೆಯವನು ಸೌಟು ಹಿಡಿದು ನಿಂತೇ ಇದ್ದಾನೆ, ಕಥೆ ಮುಂದೆ ಹೋಗಲಿಲ್ಲ.

‘ಇಂಥ ವಯಸ್ಸಿನ ಅಂತರವೆಲ್ಲ ಇಂಗ್ಲಿಷಿನವರ ಫ್ಯಾಂಟಸಿ, ನಮಗೆ ಒಗ್ಗಲ್ಲ’ ಅಂದ ಕಥೆಗಾರರಿಗೆ ಪುರಾಣದ ರೇವತಿಯ, ಅಂದರೆ ಬಲರಾಮನ ಹೆಂಡತಿಯ, ಲೆಕ್ಕ ಹೇಳಿದೆ. ಅಪ್ಪನ ಜೊತೆ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ 27 ಚತುರ್ಯುಗ ಕಳೆದಿತ್ತು. ಒಂದಕ್ಕೆ 43,20,000 ವರ್ಷ. ಗುಣಿಸಿ ನೋಡಿ, ಬಲರಾಮನಿಗೆ ಹೆಂಡತಿ ಹನ್ನೊಂದೂವರೆ ಕೋಟಿ ವರ್ಷಕ್ಕೂ ದೊಡ್ಡವಳು. ಅವನು ನೇಗಿಲಿನಿಂದ ಅವಳ ಎತ್ತರ ಇಳಿಸಿಕೊಂಡು ಮದುವೆಯಾದ. ಏನಂತ ಕರೆದ ಅನ್ನೋದನ್ನು ಮಾತ್ರ ಪುರಾಣ ಹೇಳಲ್ಲ. ನನ್ನ ಹೊಟ್ಟೆಪಾಡು ಅಲ್ಲೇ ಇರೋದು.

ದುಡ್ಡಿನ ಲೆಕ್ಕ. ಪ್ರಕಾಶಕರು 40 ಸಾವಿರ ನೀವೇ ಹಾಕಿ ಅಂದಿದ್ದರು. ಅದಕ್ಕಿಂತ ನಾನೇ ಹಾಕಿಸಿದರೆ ವಾಸಿ ಅನ್ನಿಸಿತು. 220 ಪುಟ, ಅಕ್ಷರ ಜೋಡಿಸುವ ಡಿಟಿಪಿಗೆ ನಾಲ್ಕೂವರೆ, ಮುಖಪುಟಕ್ಕೆ ಐದು, ಪ್ರೂಫಿಗೆ ಮೂರು, ಮುದ್ರಣಕ್ಕೆ ಮೂವತ್ತೇಳು ಸಾವಿರ ಚಿಲ್ಲರೆ. ಒಟ್ಟು ಐವತ್ತು. ಬಂದಿದ್ದು ಎಪ್ಪತ್ತೇಳರ ಹತ್ತಿರ. ಅಂಗಡಿಗಳಿಗೆ ನೂರಕ್ಕೆ ನಲವತ್ತು ಬಿಡಬೇಕು, ಹಾಗಾಗಿ ನೇರವಾಗಿ ಪೋಸ್ಟ್ ಮಾಡಿದ ಮುನ್ನೂರು ಪ್ರತಿಯಿಂದಲೇ ಜೀವ ಉಳಿಯಿತು. ಹಳೇ ನಷ್ಟ ಕಳೆದರೆ ಕೈಯಲ್ಲಿ ಉಳಿದದ್ದು ಐದು ಸಾವಿರ. ಹೆಂಡತಿ ಮಿಕ್ಸಿ ತಂದಳು.

ಈಗ ಅವಳಿಜವಳಿ ಅಣ್ಣತಮ್ಮಂದಿರ ಮೇಲೆ ಹೊಸದು ಶುರು ಮಾಡಿದ್ದೇನೆ. ಹತ್ತು ನಿಮಿಷ ಮೊದಲು ಹುಟ್ಟಿದವನು ಇಪ್ಪತ್ತೈದಕ್ಕೇ ನಿಂತುಬಿಟ್ಟಿದ್ದಾನೆ, ತಮ್ಮನಿಗೆ ಎಪ್ಪತ್ತು. ಬಸ್‌ಸ್ಟ್ಯಾಂಡಿನಲ್ಲಿ ಎದುರುಬದುರಾಗಿದ್ದಾರೆ. ಹದಿನೈದು ಪುಟ ಆಯಿತು, ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ.