ದೊಡ್ಡ ನೆರೆ ಬಂದಿದ್ದು ಯಾವ ವರ್ಷ? ಹಳೇ ಪೇಪರಲ್ಲಿ ಹುಡುಕಿದ ನನ್ನ ಅನುಭವ

ಸಕಲೇಶಪುರ ಕಡೆ ಯಾವ ಹಳಬರನ್ನ ಮಾತಾಡಿಸಿದ್ರೂ ಒಂದು "ದೊಡ್ಡ ನೆರೆ" ಕಥೆ ಇದ್ದೇ ಇರುತ್ತೆ. ಹೇಮಾವತಿ ಗದ್ದೆಬಯಲಿಗೆಲ್ಲ ನುಗ್ಗಿದ್ದು, ಕೊಟ್ಟಿಗೆ ಸಮೇತ ದನ ತೇಲಿಹೋಗಿದ್ದು, ಪೇಟೆಗೆ ಹೋಗೋಕೆ ದಾರಿ ಇಲ್ದೆ ಹಲಸಿನ ಬೀಜ ಬೇಯಿಸ್ಕೊಂಡು ತಿಂದಿದ್ದು, ಎಲ್ಲ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತಾರೆ. ಆದ್ರೆ ಯಾವ ವರ್ಷ ಅಂತ ಕೇಳಿ ನೋಡಿ, ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಾನು ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ, ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು-ಸೆಂಟ್ (ಸೆಂಟ್ ಅಂದ್ರೆ ಇಂಚಿನ ನೂರರಲ್ಲೊಂದು ಪಾಲು) ಲೆಕ್ಕ ಬರೆಯೋದು ನನ್ನದೇ ಕೆಲಸ, ಹಾಗಾಗಿ ಇದು ತಲೇಲಿ ಕೊರೀತಾನೇ ಇತ್ತು, ಇತಿಹಾಸ ಓದಿದೋನಲ್ಲ, ಬಿ.ಕಾಂ. ಮಾಡಿದೋನು, ಆದ್ರೂ ನೋಡೇ ಬಿಡೋಣ ಅಂತ ಶುರು ಮಾಡ್ದೆ.

ಮೊದಲು ಸಿಕ್ಕಿದ್ದು ನಮ್ಮನೆ ಅಟ್ಟದ ಮೇಲೆ ಒಂದು ಕಿರ್ದಿ ಪುಸ್ತಕ. ಮುತ್ತಜ್ಜನದ್ದು, ಅಂಚೆಲ್ಲ ಗೆದ್ದಲು ತಿಂದಿದೆ. ಮೊದಲ ಹಾಳೇಲಿ ಶ್ರೀ ಬರೆದು ಕೆಳಗೆ ರಕ್ತಾಕ್ಷಿ ಸಂವತ್ಸರ ಅಂತ ಹಾಕಿದಾರೆ, ಒಳಗೆ ಶ್ರಾವಣ ಶುದ್ಧದ ಖರ್ಚಲ್ಲಿ ಒಂದೇ ಸಾಲು: ಹೊಳೇಲಿ ಹೋದ ಸಂಕಕ್ಕೆ ಮರ ಕುಯ್ದ ಆಳಿಗೆ 3-8-0. ಸಂಕ ಅಂದ್ರೆ ಹೊಳೆ ದಾಟೋಕೆ ಹಾಕೋ ಮರದ ಕಾಲುಸೇತುವೆ, ಕೊಟ್ಟಿದ್ದು ಮೂರು ರೂಪಾಯಿ ಎಂಟಾಣೆ. ನೆರೆ ಬಗ್ಗೆ ಮತ್ತೊಂದು ಅಕ್ಷರ ಇಲ್ಲ, ಮುತ್ತಜ್ಜನಿಗೆ ದುಡ್ಡು ಹೋಗಿದ್ದಷ್ಟೇ ಸುದ್ದಿ. ಸಂವತ್ಸರ 60 ವರ್ಷಕ್ಕೊಂದು ಸಲ ಸುತ್ತಿ ಬರೋದ್ರಿಂದ ರಕ್ತಾಕ್ಷಿ ಅಂದ್ರೆ 1864 ಆಗ್ಬಹುದು, 1924 ಆಗ್ಬಹುದು, 1984 ಆಗ್ಬಹುದು. 1984ರಲ್ಲಿ ಆಣೆ ಎಲ್ಲಿ ಬಂತು, 1864ರಲ್ಲಿ ಮುತ್ತಜ್ಜ ಹುಟ್ಟೇ ಇರ್ಲಿಲ್ಲ, ಉಳಿದಿದ್ದು 1924. ಪಂಚಾಂಗದ ಸೈಟುಗಳಲ್ಲಿ ಹಳೇ ವರ್ಷ ಹಾಕಿದ್ರೂ ತಿಥಿ ತೋರಿಸುತ್ತೆ, ಆ ವರ್ಷ ಶ್ರಾವಣ ಶುದ್ಧ ಬಂದಿರೋದು ಆಗಸ್ಟ್ ಮೊದಲ ಎರಡು ವಾರ. ಹಾಗಾದ್ರೆ ಸಂಕ ಹೋಗಿದ್ದು ಆಷಾಢದಲ್ಲಿ, ಜುಲೈ ತಿಂಗಳಲ್ಲಿ.

ಇಂಟರ್ನೆಟ್ ಹತ್ರ ಹೋಗೋ ಮುಂಚೆ ಈ ಥರ ಯಾವ ವರ್ಷ, ಯಾವ ತಿಂಗಳು ಅನ್ನೋದನ್ನಾದ್ರೂ ಕೈಲಿ ಇಟ್ಕೊಂಡು ಹೋಗಿ. ಸುಮ್ನೆ ಊರ ಹೆಸರು ಹಾಕಿ ಹುಡುಕಿದ್ರೆ ತಲೆ ಕೆಟ್ಟುಹೋಗುತ್ತೆ. ಹಳೇ ಪೇಪರ್ ಫ್ರೀಯಾಗಿ ಓದೋಕೆ ಸಿಗೋದು ಹೊರದೇಶದ್ದೇ ಜಾಸ್ತಿ. ಆಸ್ಟ್ರೇಲಿಯಾದ ನ್ಯಾಷನಲ್ ಲೈಬ್ರರಿಯವರ ಟ್ರೋವ್ ಇದೆ, ಸಿಂಗಾಪುರದವರ ನ್ಯೂಸ್‌ಪೇಪರ್‌ಎಸ್‌ಜಿ ಇದೆ (ಅದ್ರಲ್ಲಿ ಸ್ಟ್ರೇಟ್ಸ್ ಟೈಮ್ಸ್ 1845ರಿಂದ ಇದೆ), ನ್ಯೂಜಿಲೆಂಡ್‌ನವರ ಪೇಪರ್ಸ್ ಪಾಸ್ಟ್ ಇದೆ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ಗೆ ದುಡ್ಡು ಕಟ್ಟಬೇಕು, ಆದ್ರೆ ಹುಡುಕೋದು ಫ್ರೀ, ಎರಡು ಮೂರು ಸಾಲು ಹಾಗೇ ತೋರಿಸುತ್ತೆ, ಎಷ್ಟೋ ಸಲ ಅಷ್ಟೇ ಸಾಕು. ಸಕಲೇಶಪುರದ ನೆರೆ ಸುದ್ದಿ ಸಿಡ್ನಿ ಪೇಪರಲ್ಲಿ ಯಾಕಪ್ಪ ಇರುತ್ತೆ ಅಂತ ನಮ್ಮ ಮೇಸ್ತ್ರಿ ನಕ್ಕಿದ್ದೇ ನಕ್ಕಿದ್ದು. ಆಗ ರಾಯಿಟರ್ಸ್ ತಂತಿ ಸುದ್ದಿ ಬ್ರಿಟಿಷರ ಕೈಲಿದ್ದ ಎಲ್ಲಾ ಊರಿಗೂ ಹೋಗ್ತಿತ್ತು, ಇಂಡಿಯಾದಲ್ಲಿ ರೈಲು ನಿಂತ್ರೆ, ನೆರೆ ಬಂದ್ರೆ ಅಲ್ಲಿಯವರಿಗೂ ಬೇಕಾಗ್ತಿತ್ತು.

ಹುಡುಕೋಕೆ ಕೂತಾಗ ಮಜಾ ಶುರು. ಹಾಸನ ಅಂತ ಹಾಕ್ದೆ, ಸಿಂಗಾಪುರದ ಕೋರ್ಟ್ ಕೇಸುಗಳಲ್ಲಿರೋ ಹಸನ್‌ಗಳೆಲ್ಲ ಎದ್ದು ಬಂದ್ರು, ಇಂಗ್ಲಿಷಲ್ಲಿ ಎರಡಕ್ಕೂ ಅದೇ ಸ್ಪೆಲ್ಲಿಂಗ್. ಮೈಸೂರು ಅಂತ ಹಾಕಿದ್ರೆ ಕೋಲಾರದ ಚಿನ್ನದ ಗಣಿ ಷೇರು ರೇಟು, ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಅಂತ ಲಂಡನ್ ಮಾರ್ಕೆಟ್ ಪಟ್ಟಿ ದಿನಾ ಬರ್ತಿತ್ತಲ್ಲ, ಅದು. ಚಿನ್ನ ಅನ್ನೋ ಪದ ಇರೋದನ್ನೆಲ್ಲ ಬಿಟ್ಟು ಹುಡುಕು ಅಂತ ಮೈನಸ್ ಹಾಕಿದ್ಮೇಲೆ ಸ್ವಲ್ಪ ತೆಳುವಾಯ್ತು. ಕಾವೇರಿ ಅಂತ ಹಾಕಿದ್ರೆ ಇನ್ನೊಂದು ತಾಪತ್ರಯ, 1924ರ ಫೆಬ್ರವರಿ 18ಕ್ಕೆ ಕಾವೇರಿ ನೀರಿನ ಬಗ್ಗೆ ಮೈಸೂರು-ಮದ್ರಾಸ್ ಒಪ್ಪಂದ ಆಗಿದ್ದಲ್ವಾ, ಆ ವರ್ಷ ಕಾವೇರಿ ಅಂದ್ರೆ ಅದೇ ಬರುತ್ತೆ. ತಾರೀಖಿನ ಫಿಲ್ಟರ್ ಜುಲೈ 10ರಿಂದ ಆಗಸ್ಟ್ 31ಕ್ಕೆ ಕಟ್ಟಿದ್ಮೇಲೆ ದಾರಿಗೆ ಬಂತು. ಕಾವೇರಿನ ಆಗ ಬರೀತಿದ್ದಿದ್ದು ಸಿ ಅಕ್ಷರದಿಂದ, ಮಧ್ಯ ಒಂದು ಯು ಸೇರಿಸಿ, ಕೊನೆಗೆ ವೈ ಹಾಕಿ. ನಮ್ಮ ತಾಲ್ಲೂಕಿನ ಹೆಸರು ಆಗ ಮಂಜರಾಬಾದ್, ಅದನ್ನ ಜೆ ಹಾಕಿ ಬರೆದವರಿದ್ದಾರೆ, ಝಡ್ ಹಾಕಿ ಮುಂಝೆರಾಬಾದ್ ಮಾಡಿದವರಿದ್ದಾರೆ. ನಾನು ಒಂದು ನೋಟ್‌ಬುಕ್ಕಲ್ಲಿ ಪ್ರತಿ ಊರಿಗೂ, ನದಿಗೂ ಸಿಕ್ಕಿದ ಸ್ಪೆಲ್ಲಿಂಗ್ ಎಲ್ಲ ಒಂದು ಪುಟಕ್ಕೆ ಬರೆದಿಟ್ಟಿದೀನಿ, ಹೊಸದು ಸಿಕ್ಕಿದ್ರೆ ಅಲ್ಲೇ ಸೇರಿಸ್ತೀನಿ.

ಇದರ ಮೇಲೆ ಓಸಿಆರ್ ಕಾಟ. ಪೇಪರ್ ಫೋಟೋನ ಕಂಪ್ಯೂಟರ್ ಓದಿ ಅಕ್ಷರ ಮಾಡಿರುತ್ತೆ, ನಾವು ಹುಡುಕೋದು ಆ ಅಕ್ಷರದಲ್ಲಿ. ಶಾಯಿ ಹರಡಿದ್ರೆ ಎನ್ ಹೋಗಿ ಯು ಆಗುತ್ತೆ, ಎಚ್ ಹೋಗಿ ಬಿ ಆಗುತ್ತೆ. ಕಾಲಂ ಸಣ್ಣದು, ಊರ ಹೆಸರು ಉದ್ದ, ಹಾಗಾಗಿ ಹೆಸರು ಅರ್ಧ ಈ ಸಾಲಲ್ಲಿ ಅರ್ಧ ಮುಂದಿನ ಸಾಲಲ್ಲಿ ಕೂತಿರುತ್ತೆ, ಎಷ್ಟು ಸರಿಯಾಗಿ ಟೈಪ್ ಮಾಡಿದ್ರೂ ಸಿಗಲ್ಲ. ಅದಕ್ಕೇ ನಾನು ಹೆಸರು ಬಿಟ್ಟು ಸಣ್ಣ ಪದಗಳ ಜೋಡಿ ಹಾಕ್ತೀನಿ, ನೆರೆ ಮತ್ತು ಮಲಬಾರ್, ಸೇತುವೆ ಮತ್ತು ಮೈಸೂರು, ಈ ಥರ. ಟ್ರೋವಲ್ಲಿ ಎರಡು ಪದನ ಕೋಟ್ ಒಳಗೆ ಹಾಕಿ ಮುಂದೆ ಅಲೆ ಥರದ ಗುರುತು, ಆಮೇಲೆ ಒಂದು ನಂಬರ್ ಕೊಟ್ರೆ ಆ ಪದಗಳು ಅಷ್ಟು ಹತ್ತಿರ ಇರೋದನ್ನ ಮಾತ್ರ ತೋರಿಸುತ್ತೆ, ಇದು ಗೊತ್ತಾದ್ಮೇಲೆ ನನ್ನ ಅರ್ಧ ಕಷ್ಟ ಕಳೀತು. ಅಲ್ಲಿ ತಪ್ಪು ಅಕ್ಷರನ ನಾವೇ ತಿದ್ದಬಹುದು, ನಾನು ಓದಿದ ಸುದ್ದಿ ಎಲ್ಲ ತಿದ್ದಿಟ್ಟೇ ಮುಂದೆ ಹೋಗೋದು, ನಾಳೆ ಯಾರಾದ್ರೂ ಮಂಜರಾಬಾದ್ ಹುಡುಕಿದ್ರೆ ಅವರಿಗಾದ್ರೂ ಸಿಗ್ಲಿ.

ಸಿಕ್ಕಿದ್ದೇನು ಅಂದ್ರೆ, ಉಣ್ಣೆ ರೇಟು ಮತ್ತೆ ಕ್ರಿಕೆಟ್ ಸ್ಕೋರ್ ಮಧ್ಯೆ ಸಿಕ್ಕಾಕ್ಕೊಂಡಿರೋ ನಾಲ್ಕೈದು ಸಾಲು. ಇಂಡಿಯಾದಲ್ಲಿ ಪ್ರವಾಹ ಅಂತ ತಲೆಬರಹ, ಮಲಬಾರು, ತಿರುವಾಂಕೂರು, ಕಾವೇರಿ, ರೈಲು ದಾರಿ ಕಿತ್ತು ಹೋಗಿದೆ, ಮುಗೀತು. ಕೇರಳದವರು ಇದನ್ನ ಅವರ ಕೊಲ್ಲಂ ವರ್ಷ 1099ರ ಲೆಕ್ಕದಲ್ಲಿ ತೊಂಬತ್ತೊಂಬತ್ತರ ನೆರೆ ಅಂತಾರೆ, ಮುನ್ನಾರಿನ ಕುಂಡಳ ವ್ಯಾಲಿ ರೈಲ್ವೆ ಕೊಚ್ಚಿ ಹೋಗಿ ಮತ್ತೆ ಕಟ್ಟದೇ ಬಿಟ್ಟಿದ್ದು ಇದೇ ನೆರೇಲಿ. ಸಕಲೇಶಪುರದ ಹೆಸರು ಎಲ್ಲೂ ಇಲ್ಲ. ನನಗೆ ಬೇಜಾರೇನೂ ಆಗ್ಲಿಲ್ಲ, ಯಾಕಂದ್ರೆ ಹೊರಗಿನ ಪೇಪರಿಂದ ನಾನು ಕೇಳೋದು ತಾರೀಖು ಒಂದೇ. ಊರ ವಿಷ್ಯ ಊರ ಕಾಗದದಲ್ಲೇ ಸಿಗಬೇಕು.

ಇಲ್ಲಿ ಒಂದು ಹುಷಾರು. ಇಪ್ಪತ್ತು ಪೇಪರಲ್ಲಿ ಬಂದಿದೆ ಅಂತ ಖುಷಿಪಡ್ಬೇಡಿ, ಪದಕ್ಕೆ ಪದ ಒಂದೇ ತಂತಿ ಸುದ್ದಿ ಆಗಿರುತ್ತೆ, ಇಪ್ಪತ್ತಾದ್ರೂ ಸಾಕ್ಷಿ ಒಂದೇ. ಮೇಲಾಗಿ ವಾರಪತ್ರಿಕೆಗಳು ಅದನ್ನೇ ಹತ್ತು ದಿನ ಬಿಟ್ಟು ಮತ್ತೆ ಹಾಕಿರ್ತವೆ, ಪೇಪರಿನ ತಾರೀಖನ್ನ ನೆರೆಯ ತಾರೀಖು ಅಂದ್ಕೊಂಡ್ರೆ ಕಥೆ ಮುಗೀತು. ಸುದ್ದಿ ತಲೇಲಿ ಯಾವ ಊರಿಂದ, ಯಾವ ದಿನ ಕಳಿಸಿದ್ದು ಅಂತ ಸಣ್ಣಕ್ಕೆ ಇರುತ್ತೆ, ನಾನು ಅದನ್ನ ಮಾತ್ರ ಬರ್ಕೊಳ್ಳೋದು.

ಕನ್ನಡ ಪೇಪರ್ ಕಡೆ ಬಂದ್ರೆ ಪರಿಸ್ಥಿತಿ ಬೇರೆ. ಸ್ಕ್ಯಾನ್ ಆಗಿರೋವು ಇವೆ, ಆದ್ರೆ ಜಾಸ್ತಿ ಬರೀ ಫೋಟೋ, ಒಳಗೆ ಹುಡುಕೋ ಹಾಗಿಲ್ಲ. ಮೊಬೈಲಲ್ಲಿ ಫೋಟೋ ತೆಗೆದು ಅಕ್ಷರ ಮಾಡಿಸಿದ್ರೆ ಈಗಿನ ಪುಸ್ತಕ ಚೆನ್ನಾಗಿ ಬರುತ್ತೆ, ಹಳೇ ಅಚ್ಚುಮೊಳೆ, ಅದ್ರಲ್ಲೂ ಸವೆದ ಒತ್ತಕ್ಷರ ಬಂತು ಅಂದ್ರೆ ಏನೇನೋ ಓದುತ್ತೆ. ಹಾಗಾಗಿ ತಾರೀಖು ಹಿಡ್ಕೊಂಡು ಪುಟ ತಿರುಗಿಸೋದೇ ಗತಿ, ಲೈಬ್ರರೀಲಿ ಬೈಂಡ್ ಮಾಡಿಟ್ಟಿರೋದೂ ಅಷ್ಟೇ. ಒಂದು ಕಡೆ ನನಗೆ ಬೇಕಾದ ತಿಂಗಳ ಬೈಂಡೇ ಇಲ್ಲ, ಯಾರೋ ತಗೊಂಡು ಹೋದೋರು ತಂದಿಲ್ಲ ಅಂದ್ರು, ಅಷ್ಟು ದಪ್ಪದ್ದನ್ನ ಹೆಗಲ ಮೇಲೆ ಹೊತ್ಕೊಂಡು ಹೋದ್ರಾ ಅಂತ ಕೇಳೋಣ ಅನ್ನಿಸ್ತು, ಸುಮ್ನಾದೆ.

ಅಲ್ಲಿವರೆಗೆ ಎಲ್ಲ 1924ಕ್ಕೇ ಹೊಂದ್ತಾ ಇತ್ತು. ಆದ್ರೆ ಪಕ್ಕದ ಮನೆ ದೊಡ್ಡಮ್ಮ "ನಾನೇ ಕಣ್ಣಾರೆ ನೋಡಿದೀನಿ ಕಣೋ" ಅಂತಾರೆ, ಅವರಿಗೆ ಎಂಬತ್ತರ ಮೇಲೆ ವಯಸ್ಸು, 1924 ಹೆಂಗಾಗುತ್ತೆ? ಸುಳ್ಳು ಹೇಳೋ ಪೈಕಿ ಅಲ್ಲ ಅವರು. ವರ್ಷ ಕೇಳಿದ್ರೆ "ಅದೆಲ್ಲ ಯಾರ್ ಬರೆದಿಟ್ಟಿದ್ರು ಮಗ" ಅಂದ್ರು. ಸರಿ, ವರ್ಷ ಬಿಟ್ಟೆ. "ದೊಡ್ಡಮ್ಮ, ಆವಾಗ ಅಂಗಡೀಲಿ ಆಣೆ ನಡೀತಿತ್ತಾ ಪೈಸೆ ನಡೀತಿತ್ತಾ" ಅಂದೆ. ತಕ್ಷಣ "ಹೊಸ ಪೈಸೆ ಬಂದಿತ್ತಲ್ಲೋ, ಒಂದಾಣೆ ಕೊಟ್ರೆ ಆರು ಪೈಸೆ ಅಂತ ಹಿಡಿಯೋನು, ಕಾಲು ಪೈಸೆ ಅವನೇ ನುಂಗೋನು" ಅಂತ ಅಂಗಡಿಯೋನನ್ನ ಬೈಯೋಕೆ ಶುರು ಮಾಡಿದ್ರು. ಹೊಸ ಪೈಸೆ ಬಂದಿದ್ದು 1957ರ ಏಪ್ರಿಲಲ್ಲಿ. ಅಂದ್ರೆ ಇದು ಬೇರೆ ನೆರೆ! 1957ರಿಂದ ಈಚೆ ದೊಡ್ಡ ಮಳೆ ಯಾವಾಗ ಅಂತ ನೋಡಿದ್ರೆ 1961ರ ಜುಲೈ, ಆಗಲೂ ಕಾವೇರಿ ಕಡೆ, ಕೇರಳದ ಕಡೆ ನೆರೆ ಬಂದಿತ್ತು. ಅಷ್ಟೊತ್ತಿಗೆ ಪ್ರಜಾವಾಣಿ ಇದೆ, ಅದು ಶುರುವಾಗಿದ್ದೇ 1948, ಹಾಗಾಗಿ 1961ರದ್ದು ಹುಡುಕೋದು 1924ರಷ್ಟು ಕಷ್ಟ ಅಲ್ಲ. ಊರಲ್ಲಿ ಈಗ ಹೇಳೋ ಕಥೇಲಿ ಎರಡೂ ನೆರೆ ಕಲಸಿ ಹೋಗಿದೆ, ಅಜ್ಜ ಹೇಳಿದ್ದು ಅರ್ಧ, ಇವರು ನೋಡಿದ್ದು ಅರ್ಧ. ಹಲಸಿನ ಬೀಜದ ಕಥೆ 1961ರದ್ದು, ಅದನ್ನ ಬೇಯಿಸಿದೋರು ದೊಡ್ಡಮ್ಮನೇ. ಸಂಕ ಹೋಗಿದ್ದು 1924ರದ್ದು. ಕೊಟ್ಟಿಗೆ ದನ ಯಾವ ನೆರೆದು ಅಂತ ಇನ್ನೂ ಜಗಳ ಇದೆ.

ವಯಸ್ಸಾದೋರ ಹತ್ರ ಇಸವಿ ಕೇಳೋದನ್ನ ಅವತ್ತಿಂದ ಬಿಟ್ಟೇಬಿಟ್ಟೆ. ಮದುವೆ ಆಗಿತ್ತಾ, ಎಷ್ಟನೇ ಮಗು ಹೊಟ್ಟೇಲಿತ್ತು, ಮಂಗಳೂರು ರೈಲು ಬಂದಿತ್ತಾ (ನಮ್ಮ ಕಡೆ ಅದು 1979), ಯಾವ ಮಳೆ ನಕ್ಷತ್ರ, ಇಂಥದ್ದು ಕೇಳ್ತೀನಿ. ಪುನರ್ವಸುನಾ ಪುಷ್ಯನಾ ಅಂತ ಕೇಳಿದ್ರೆ ನಮ್ಮ ಕಡೆಯೋರು ತಪ್ಪೋದೇ ಇಲ್ಲ, ಅದರಿಂದ ಹದಿನಾಲ್ಕು ದಿನದ ಒಳಗೆ ತಾರೀಖು ಹಿಡೀಬಹುದು.

ಈಗ ನಾನು ಹಿಂದೆ ಬಿದ್ದಿರೋದು ಮೈಸೂರು ಪ್ರಜಾಪ್ರತಿನಿಧಿ ಸಭೆ ವರದಿಗಳಿಗೆ. ರಂಗಾಚಾರ್ಲು ದಿವಾನರಾಗಿದ್ದಾಗ 1881ರಲ್ಲಿ ಶುರುವಾಗಿದ್ದು, ದಸರಾ ಟೈಮಲ್ಲಿ ಮೈಸೂರಲ್ಲಿ ಸೇರ್ತಿತ್ತು, ತಾಲ್ಲೂಕುಗಳಿಂದ ಬಂದ ಮೆಂಬರ್‌ಗಳು ರಸ್ತೆ, ಸೇತುವೆ, ಕೆರೆ ಅಂತ ಅರ್ಜಿ ಇಡ್ತಿದ್ರು, ದಿವಾನರ ಭಾಷಣದಲ್ಲಿ ಆ ವರ್ಷದ ಮಳೆ ಬೆಳೆ ವಿಚಾರ ಇರ್ತಿತ್ತು. 1924ರಲ್ಲಿ ದಿವಾನರು ಆಲ್ಬಿಯನ್ ಬ್ಯಾನರ್ಜಿ. ಜುಲೈಯಲ್ಲಿ ಸೇತುವೆ ಹೋಗಿದ್ರೆ ಅಕ್ಟೋಬರ್ ದಸರಾದಲ್ಲಿ ಯಾರಾದ್ರೂ ಗಲಾಟೆ ಮಾಡಿರ್ಲೇಬೇಕಲ್ಲ, ಮಂಜರಾಬಾದ್ ಮೆಂಬರ್ ಸುಮ್ನೆ ಬಾಯಿ ಮುಚ್ಕೊಂಡು ಬಂದಿರೋಕೆ ಸಾಧ್ಯ ಇಲ್ಲ. ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು, ಕಾಫಿ ಕುಯ್ಲು ಮುಗೀಲಿ ಅಂತ ಕಾಯ್ತಾ ಇದೀನಿ.

ಇನ್ನೊಂದು, ಸಕಲೇಶಪುರ, ಮೂಡಿಗೆರೆ, ಆಲೂರು ಕಡೆ ಹಳೇ ಎಸ್ಟೇಟ್ ಇರೋರು ಓದ್ತಿದ್ರೆ, ಬಂಗಲೆ ಅಥವಾ ಆಫೀಸ್ ಬೀರುಲಿ ಹಳೇ ಮಳೆ ರಿಜಿಸ್ಟರ್ ಇರುತ್ತೆ ನೋಡಿ, 1924 ಇಲ್ಲಾ 1961ರ ಜುಲೈ ಪುಟ ಸಿಕ್ಕಿದ್ರೆ ನೆರಳು ಬೀಳದ ಹಾಗೆ ಒಂದು ಫೋಟೋ ತೆಗೀರಿ, ಹಿಂದಿನ ಮುಂದಿನ ಪುಟನೂ ಸೇರಿಸಿ. ಬೆಳಿಗ್ಗೆ ಅಳೆದ ಮಳೆನ ಕೆಲವು ಎಸ್ಟೇಟಲ್ಲಿ ಅವತ್ತಿನ ತಾರೀಖಿಗೇ ಬರೀತಾರೆ, ಕೆಲವು ಕಡೆ ಹಿಂದಿನ ದಿನಕ್ಕೆ ಹಾಕ್ತಾರೆ, ನಿಮ್ಮಲ್ಲಿ ಯಾವ ಪದ್ಧತಿ ಅಂತ ಹಳೇ ರೈಟರ್ ಯಾರಾದ್ರೂ ಇದ್ರೆ ಕೇಳಿ ಅದನ್ನೂ ಬರ್ಕೊಳ್ಳಿ, ಇಲ್ದಿದ್ರೆ ಎರಡು ಎಸ್ಟೇಟ್ ಲೆಕ್ಕ ಪಕ್ಕಪಕ್ಕ ಇಟ್ಟಾಗ ಒಂದು ದಿನ ಹೆಚ್ಚುಕಮ್ಮಿ ಬಂದೇ ಬರುತ್ತೆ.