ಅರವತ್ತು ದಿನ ಅಂದರೆ ಅರವತ್ತಲ್ಲ

2023ರ ಜನವರಿ 17, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಹದಿನೈದು ನಿಮಿಷದ ಮೀಟಿಂಗ್ ಅಂತ ಬಂದಿತ್ತು. ಮ್ಯಾನೇಜರ್ ಪಕ್ಕದಲ್ಲಿ ಎಚ್‌ಆರ್‌ನವರ ಮುಖ ಕಂಡಾಗಲೇ ನನ್ನ ಕೆಲಸ ಹೋಯಿತು ಅಂತ ಗೊತ್ತಾಯಿತು. ಅವರ ಮಾತು ಮುಗಿದು ಐದು ನಿಮಿಷಕ್ಕೆ ಲ್ಯಾಪ್‌ಟಾಪ್ ಲಾಕ್ ಆಯಿತು.

ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋ ಊರಲ್ಲಿ. ನನ್ನದು ಎಚ್-1ಬಿ, ಅಂದರೆ ಕಂಪನಿ ಅರ್ಜಿ ಹಾಕಿ ಕೊಡಿಸುವ ಅಮೆರಿಕದ ಕೆಲಸದ ವೀಸಾ; ಹೆಂಡತಿ ಮತ್ತು ಮಗಳದು ಅದರ ಆಸರೆಯ ಎಚ್-4. ನನ್ನ ಕೆಲಸದ ಮೇಲೆ ಮೂವರೂ ಇಲ್ಲಿದ್ದೇವೆ. ಕೆಲಸ ಹೋದವರಿಗೆ ಬೇರೆ ಕೆಲಸ ಹಿಡಿಯಲು ಇಲ್ಲವೇ ದೇಶ ಬಿಡಲು 60 ದಿನ ಗ್ರೇಸ್ ಪೀರಿಯಡ್ ಇದೆ ಅಂತ ಎಲ್ಲರಂತೆ ನಾನೂ ಕೇಳಿದ್ದೆ. ಆ ನಿಯಮ ಬಂದದ್ದೇ 2017ರ ಜನವರಿಯಲ್ಲಿ. ಅದಕ್ಕೂ ಮುಂಚಿನವರಿಗೆ ಅದೂ ಇರಲಿಲ್ಲ.

ಸಂಜೆ ಹೆಂಡತಿ ಫ್ರಿಜ್ ಪಕ್ಕದಲ್ಲಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಊಟದ ಟೇಬಲ್ ಮೇಲೆ ಹರಡಿದಳು. "ರೀ, ಕೊನೇ ದಿನ ಯಾವುದು ಹೇಳಿ, ಗುರುತು ಹಾಕ್ತೀನಿ" ಅಂದಳು. ಯಾವ ದಿನದಿಂದ ಎಣಿಸಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಮರುದಿನ ಇಮಿಗ್ರೇಶನ್ ವಕೀಲರ ಹತ್ತಿರ ಅರ್ಧ ಗಂಟೆ ದುಡ್ಡು ಕೊಟ್ಟು ಮಾತಾಡಿದೆ. ಸಾಮಾನ್ಯವಾಗಿ ಎಣಿಕೆ ಶುರುವಾಗುವುದು ಯಾವ ದಿನದವರೆಗೆ ಸಂಬಳ ಲೆಕ್ಕ ಹಾಕಿ ಕೊಟ್ಟಿದ್ದಾರೋ ಅದರ ಮರುದಿನದಿಂದ. ಶನಿವಾರ, ಭಾನುವಾರ, ರಜೆ ಎಲ್ಲ ಸೇರಿಯೇ 60. ದೇಶದಲ್ಲಿ ಯಾವ ದಿನದವರೆಗೆ ಇರಬಹುದು ಅಂತ ತೋರಿಸುವ ಐ-94 ಅದಕ್ಕೂ ಮುಂಚೆ ಮುಗಿದರೆ ಅಷ್ಟೂ ಇಲ್ಲ. ಕೆಲಸದಿಂದ ತೆಗೆದಾಗ ಕೊಡುವ ಪರಿಹಾರ, ಸೆವೆರೆನ್ಸ್, ಅಂತ ಎಷ್ಟು ವಾರದ ಹಣ ಕೊಟ್ಟರೂ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ಈ ಕೊನೆಯ ಮಾತು ಕೇಳಿ ನನಗೆ ತಲೆ ಓಡಿತು. ನನಗೆ ಎಂಟು ವಾರದ ಸೆವೆರೆನ್ಸ್ ಕೊಡುತ್ತೇವೆ ಅಂದಿದ್ದರು. ಇನ್ನೂ ಸಹಿ ಹಾಕಿರಲಿಲ್ಲ. ಅದರಲ್ಲಿ ಎರಡು ವಾರದ್ದು ಇಟ್ಟುಕೊಳ್ಳಿ, ಬದಲಿಗೆ ಜನವರಿ 31ರವರೆಗೆ ನನ್ನನ್ನು ಪೇರೋಲ್‌ನಲ್ಲೇ (ಸಂಬಳದ ಪಟ್ಟಿಯಲ್ಲೇ) ಇಡಿ, ಕೆಲಸ ಬೇರೆಯವರಿಗೆ ಒಪ್ಪಿಸಿಕೊಡುತ್ತೇನೆ ಅಂತ ಎಚ್‌ಆರ್‌ಗೆ ಬರೆದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಒಪ್ಪಿದರು. ಸುಮ್ನೆ ಪೇರೋಲ್‌ನಲ್ಲಿ ಕೂತ ದಿನಗಳ ಬಗ್ಗೆ ಎಲ್ಲ ವಕೀಲರೂ ಒಂದೇ ಮಾತು ಹೇಳುವುದಿಲ್ಲ. ಹಾಗಾಗಿ 31ರವರೆಗೆ ಕೆಲಸ ಇದೆ ಅಂತಲೇ ಪತ್ರದಲ್ಲಿ ಬರೆಸಿಕೊಂಡೆ, ಕೆಲಸವನ್ನೂ ಮಾಡಿದೆ. ಸಹಿ ಹಾಕಿದ ಮೇಲೆ ಕೇಳಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇದರಿಂದ ಇನ್ನೊಂದು ಲಾಭವಾಯಿತು. ಲಾಕ್ ಆಗಿದ್ದ ಲ್ಯಾಪ್‌ಟಾಪ್ ಮತ್ತೆ ತೆರೆಯಿತು. ಮೊದಲ ದಿನವೇ ಪೇ ಸ್ಟಬ್ (ಸಂಬಳದ ಚೀಟಿ), ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆಯ ಲೆಕ್ಕ), ಐ-797 (ಎಚ್-1ಬಿ ಮಂಜೂರಾತಿ ಪತ್ರ) ಎಲ್ಲ ಇಳಿಸಿಕೊಂಡೆ. ಹೊಸ ಕಂಪನಿ ಅರ್ಜಿ ಹಾಕುವಾಗ ಮೊದಲು ಕೇಳುವುದೇ ಕೊನೆಯ ಎರಡು ಮೂರು ತಿಂಗಳ ಪೇ ಸ್ಟಬ್. ಅವು ಹಳೇ ಆಫೀಸಿನ ಪೋರ್ಟಲ್ ಒಳಗೇ ಉಳಿದುಬಿಟ್ಟಿದ್ದರೆ ಯಾರ ಕಾಲು ಹಿಡಿಯಬೇಕಿತ್ತೋ.

ಫೆಬ್ರವರಿ 1 ಮೊದಲ ದಿನ. ಅರವತ್ತನೇ ದಿನ ಏಪ್ರಿಲ್ 1, ಅದೂ ಶನಿವಾರ. ಹೆಂಡತಿ ಅಲ್ಲಿ ಕೆಂಪು ಸುತ್ತು ಹಾಕಿದಳು. ನಾನು ಅಲ್ಲಿಂದ ಹಿಂದಕ್ಕೆ ಎಣಿಸತೊಡಗಿದೆ. ಅರವತ್ತು ದಿನದೊಳಗೆ ಆಫರ್ ಸಿಕ್ಕರೆ ಸಾಲದು. ಹೊಸ ಕಂಪನಿಯ ಎಚ್-1ಬಿ ಅರ್ಜಿ ಇಮಿಗ್ರೇಶನ್ ಇಲಾಖೆಯ ಕೈ ಸೇರಿರಬೇಕು. ಕೊರಿಯರ್‌ಗೆ ಹಾಕಿದ ದಿನ ಲೆಕ್ಕಕ್ಕಿಲ್ಲ, ತಲುಪಿದ ದಿನವೇ ಲೆಕ್ಕ. ಶನಿವಾರ ನಂಬುವ ಹಾಗಿಲ್ಲ, ಹಾಗಾಗಿ ಮಾರ್ಚ್ 31. ಅರ್ಜಿಗೂ ಮುಂಚೆ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ, ಅಂದರೆ ಸಂಬಳ ಮತ್ತು ಕೆಲಸದ ಷರತ್ತಿಗೆ ಒಪ್ಪಿಗೆ, ಆಗಬೇಕು. ಅದಕ್ಕೆ ಏಳು ಕೆಲಸದ ದಿನ, ದುಡ್ಡು ಕೊಟ್ಟರೂ ಬೇಗ ಆಗುವುದಿಲ್ಲ. ಅದರ ಹಿಂದೆ ಮುಂದೆ ದಾಖಲೆ, ಸಹಿ, ಕೊರಿಯರ್ ಅಂತ ನಾಲ್ಕೈದು ದಿನ. ಎಲ್ಲ ಕಳೆದರೆ ಮಾರ್ಚ್ 15ರ ಹೊತ್ತಿಗೆ ಆಫರ್ ಕೈಯಲ್ಲಿರಬೇಕು. ಅಂದರೆ ಕೆಲಸ ಹುಡುಕಲು ಇರುವುದು ನಲವತ್ತು ಚಿಲ್ಲರೆ ದಿನ. ಹೆಂಡತಿಯ ಕೈಯಿಂದ ಪೆನ್ನು ತೆಗೆದುಕೊಂಡು ಮಾರ್ಚ್ 15ಕ್ಕೆ ಎರಡು ಸುತ್ತು ಹಾಕಿದೆ.

ಆ ಹೊತ್ತಿನಲ್ಲಿ ಮಾರ್ಕೆಟ್ ಕೆಟ್ಟದಾಗಿತ್ತು. ದೊಡ್ಡ ದೊಡ್ಡ ಕಂಪನಿಗಳೇ ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸುತ್ತಿದ್ದವು. ಎಷ್ಟೋ ಕಡೆ ವೀಸಾ ಅಂದ ಕೂಡಲೇ ಮಾತು ನಿಲ್ಲುತ್ತಿತ್ತು. ಹೊಸಬರು ಎಚ್-1ಬಿ ಪಡೆಯಲು ಗೆಲ್ಲಬೇಕಾದ ಲಾಟರಿಗೂ, ಇದ್ದವರು ಕಂಪನಿ ಬದಲಿಸುವ ಟ್ರಾನ್ಸ್‌ಫರ್‌ಗೂ ಇರುವ ವ್ಯತ್ಯಾಸ ಸಣ್ಣ ಕಂಪನಿಗಳ ಎಚ್‌ಆರ್‌ಗೆ ಗೊತ್ತಿರುವುದಿಲ್ಲ. ಮೊದಲ ಮೇಲ್‌ನಲ್ಲೇ ಎರಡು ಸಾಲು ಸೇರಿಸಲು ಶುರು ಮಾಡಿದೆ: ನನಗೆ ಲಾಟರಿ ಬೇಕಿಲ್ಲ, ನೀವು ಅರ್ಜಿ ಸಲ್ಲಿಸಿದ ಮೇಲೆ ಮಂಜೂರಾಗುವ ಮುಂಚೆಯೇ ಕೆಲಸಕ್ಕೆ ಸೇರಬಹುದು. ಅಲ್ಲಿಂದ ಮುಂದೆ ವಾಪಸ್ ಬರುವ ಫೋನ್‌ಗಳು ಜಾಸ್ತಿಯಾದವು.

ಬಂದ ಫೋನ್‌ಗಳಲ್ಲಿ ಒಂದು ಬೇರೆ ತರಹದ್ದು. ಕನ್ಸಲ್ಟೆನ್ಸಿಯವನೊಬ್ಬ, ನಮ್ಮ ಕಡೆಯವನೇ. "ಸರ್, ಪ್ರಾಜೆಕ್ಟ್ ಆಮೇಲೆ ನೋಡೋಣ. ಈಗ ನಮ್ಮ ಪೇರೋಲ್‌ನಲ್ಲಿ ಹಾಕಿ ಪೇ ಸ್ಟಬ್ ಕೊಡ್ತೀವಿ. ಸಂಬಳದ ದುಡ್ಡು, ಟ್ಯಾಕ್ಸು ನೀವೇ ಕಟ್ಟಿ" ಅಂದ. ನಮ್ಮ ದುಡ್ಡಲ್ಲಿ ನಮಗೇ ಸಂಬಳ! ಎಚ್-1ಬಿ ಕೊಟ್ಟವರು ಪ್ರಾಜೆಕ್ಟ್ ಇಲ್ಲದಿದ್ದರೂ ತಮ್ಮ ಕೈಯಿಂದ ಸಂಬಳ ಕೊಡಬೇಕು ಅನ್ನುವುದು ನಿಯಮ. ಇಂಥ ಪೇ ಸ್ಟಬ್ ಮುಂದೆ ಗ್ರೀನ್ ಕಾರ್ಡ್ ಹೊತ್ತಿನಲ್ಲಿ ಸಿಕ್ಕಿಬಿದ್ದರೆ ಅಲ್ಲಿಗೆ ಮುಗಿಯಿತು. ಆಗಲ್ಲಪ್ಪ ಅಂದೆ. ಸುಳ್ಳು ಹೇಳುವುದಿಲ್ಲ, ಆ ರಾತ್ರಿ ಅವನ ನಂಬರನ್ನು ಅಳಿಸಿರಲಿಲ್ಲ.

ಗ್ರೀನ್ ಕಾರ್ಡ್ ವಿಷಯದಲ್ಲಿ ಮಾತ್ರ ಸ್ವಲ್ಪ ನೆಮ್ಮದಿ ಇತ್ತು. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕಿದ್ದ ನನ್ನ ಐ-140 ಅರ್ಜಿ ಮಂಜೂರಾಗಿ ನಾಲ್ಕು ವರ್ಷ ದಾಟಿತ್ತು. 180 ದಿನ ಕಳೆದ ಮೇಲೆ ಹಳೇ ಕಂಪನಿ ಹಿಂದಕ್ಕೆ ತೆಗೆದುಕೊಂಡರೂ ಅದು ರದ್ದಾಗುವುದಿಲ್ಲ, ಸರದಿಯೂ ಹೋಗುವುದಿಲ್ಲ. ನನ್ನ ಸರದಿ 2016ರದು. ಭಾರತದವರ ಇಬಿ-2 (ಉನ್ನತ ಪದವಿಯವರ ಗ್ರೀನ್ ಕಾರ್ಡ್ ವರ್ಗ) ಸಾಲು ಆಗ ನಿಂತಿದ್ದದ್ದು 2011ರಲ್ಲಿ. ನಗಬೇಕೋ ಅಳಬೇಕೋ!

ಮಗಳಿಗೆ ಫೆಬ್ರವರಿಯಲ್ಲಿ ಕಿವಿ ನೋವು ಬಂತು. ಆಫೀಸಿನ ಇನ್ಶೂರೆನ್ಸ್ ಜನವರಿಗೇ ಮುಗಿದಿತ್ತು. ಅದನ್ನೇ ಪೂರ್ತಿ ಕೈದುಡ್ಡಲ್ಲಿ ಮುಂದುವರಿಸುವ ಕೋಬ್ರಾಗೆ ಸೇರಲು 60 ದಿನ ಟೈಮ್ ಇರುತ್ತದೆ, ಸೇರಿದರೆ ಹಿಂದಿನ ದಿನಗಳಿಗೂ ಅನ್ವಯಿಸುತ್ತದೆ, ಆ ತಿಂಗಳುಗಳ ಕಂತು ಕಟ್ಟಬೇಕು ಅಷ್ಟೆ. ದೊಡ್ಡ ಖರ್ಚು ಬಂದರೆ ನೋಡೋಣ ಅಂತ ಫಾರಂ ತುಂಬಿ ಡ್ರಾಯರ್‌ನಲ್ಲಿಟ್ಟೆವು. ಕಿವಿಗೆ ಅರ್ಜೆಂಟ್ ಕೇರ್‌ನಲ್ಲಿ ಕ್ಯಾಶ್ ಕೊಟ್ಟೆವು.

ಮಾರ್ಚ್ 14ಕ್ಕೆ ಆಫರ್ ಬಂತು. ನಾನು ಹಾಕಿದ ಎರಡು ಸುತ್ತಿಗೆ ಒಂದೇ ದಿನ ಮುಂಚೆ. ಖುಷಿಪಡುವುದಕ್ಕೂ ಪುರುಸೊತ್ತಿರಲಿಲ್ಲ. ಅವರ ವಕೀಲರು ವಿಟಿಯು ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟಿನ ಪ್ರತಿ ಕೇಳಿದರು. ನನ್ನ ಹತ್ತಿರ ಐದನೇ ಸೆಮಿಸ್ಟರಿನದು ಇರಲಿಲ್ಲ. ದಾವಣಗೆರೆಗೆ ಫೋನ್ ಮಾಡಿದೆ. ಕೆಲಸ ಹೋದ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ಅಟ್ಟದ ಮೇಲಿನ ಟ್ರಂಕ್ ಇಳಿಸಿ, ಕಾರ್ಡನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಸ್ಕ್ಯಾನ್ ಮಾಡಿಸಿ ಕಳಿಸಿದರು. "ಈಗ ಯಾಕಪ್ಪ ಇದು?" ಅಂದರು. "ಆಫೀಸಲ್ಲಿ ಏನೋ ಕೇಳ್ತಿದಾರೆ" ಅಂದೆ. "ಹೂಂ" ಅಂದು ಸುಮ್ಮನಾದರು. ಗೊತ್ತಾಗಿತ್ತು ಅನ್ನಿಸುತ್ತದೆ.

ಎಲ್‌ಸಿಎ 15ಕ್ಕೆ ಹಾಕಿದರು. 22ಕ್ಕೆ ಯುಗಾದಿ. ಹೋಳಿಗೆ ತಟ್ಟುತ್ತಲೇ ಹೆಂಡತಿ, "ಅದು ಬಂತಾ?" ಅಂತ ಮೂರು ಸಲ ಕೇಳಿದಳು. ಬಂದಿರಲಿಲ್ಲ. ಕೈಮೀರಿದರೆ ಇರಲಿ ಅಂತ ಬಿ-2ಗೆ, ಅಂದರೆ ಪ್ರವಾಸಿಯ ಸ್ಥಿತಿಗೆ, ಬದಲಾಯಿಸುವ ಐ-539 ಅರ್ಜಿ ತುಂಬಿಟ್ಟಿದ್ದೆ. ಬಿ-2ನಲ್ಲಿದ್ದು ಕೆಲಸ ಹುಡುಕಬಹುದು, ಇಂಟರ್‌ವ್ಯೂ ಕೊಡಬಹುದು ಅಂತ ಇಲಾಖೆ ಸ್ಪಷ್ಟಪಡಿಸಿದ್ದೂ ಆ ಯುಗಾದಿ ದಿನವೇ. ಆದರೆ ಆ ದಾರಿ ಹಿಡಿದರೆ ಮತ್ತೆ ಎಚ್-1ಬಿಗೆ ಬದಲಾವಣೆ ಮಂಜೂರಾಗುವವರೆಗೆ ಕೆಲಸ ಶುರು ಮಾಡುವ ಹಾಗಿಲ್ಲ. ಹಾಗಾಗಿ ಮಾರ್ಚ್ 30ರವರೆಗೂ ಅದನ್ನು ಮುಟ್ಟಬಾರದು ಅಂತ ನಿರ್ಧರಿಸಿದ್ದೆ.

24ರ ಶುಕ್ರವಾರ ಎಲ್‌ಸಿಎ ಬಂತು. ಸೋಮವಾರ ಕೊರಿಯರ್ ಹೋಯಿತು. 28ಕ್ಕೆ ತಲುಪಿತು, ಐವತ್ತಾರನೇ ದಿನ. ಹೆಂಡತಿ, ಮಗಳ ಎಚ್-4 ಅರ್ಜಿಯೂ ಅದೇ ಕವರ್‌ನಲ್ಲಿತ್ತು. ರಸೀದಿ ನಂಬರ್ ಬಂದ ಮೇಲೆ ಏಪ್ರಿಲ್ 3ಕ್ಕೆ ಹೊಸ ಆಫೀಸಿಗೆ ಹೋದೆ. ಬೇಗ ತೀರ್ಮಾನವಾಗಲಿ ಅಂತ ಪ್ರೀಮಿಯಂ ಶುಲ್ಕ ಕಟ್ಟಿದ್ದರಿಂದ 10ಕ್ಕೆ ಮಂಜೂರಾತಿ ಬಂತು. ಕಾಗದದ ತುದಿಯಲ್ಲಿದ್ದ ಹೊಸ ಐ-94 ಚೀಟಿಯನ್ನು ಕತ್ತರಿಸಿ ಪಾಸ್‌ಪೋರ್ಟ್ ಒಳಗಿಟ್ಟೆ.

ಹೆಂಡತಿ ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಹಾಕಿ ಏಪ್ರಿಲ್ ಹಾಳೆ ತಿರುಗಿಸಿದಳು. ಈಗ ಪ್ರತಿ ಸಂಬಳದ ದಿನ ಪೇ ಸ್ಟಬ್ ಇಳಿಸಿ ನನ್ನ ಸ್ವಂತ ಮೇಲ್‌ಗೆ ಹಾಕಿಕೊಳ್ಳುತ್ತೇನೆ. ಐದನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡೂ ಅಲ್ಲೇ ಇದೆ.