ಬಿಸಿಲೂರಿನಲ್ಲಿ ಕಾರಿಗೆ ಹೊಸ ಬ್ಯಾಟರಿ ತಗೊಂಡಿದ್ದು

ವಿಜಯಪುರದಲ್ಲಿ ಕಾರಿನ ಬ್ಯಾಟರಿ ಜಾಸ್ತಿ ದಿನ ಬಾಳೋದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಮಾತು ನಿಜ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಬಿಸಿಲಲ್ಲಿ ನಿಂತ ಕಾರಿನ ಬಾನೆಟ್ ಒಳಗೆ ಇನ್ನೂ ಜಾಸ್ತಿ. ಆ ಕಾವಿಗೆ ಬ್ಯಾಟರಿಯೊಳಗಿನ ನೀರು ಆರುತ್ತದೆ, ಪಾಸಿಟಿವ್ ಪ್ಲೇಟಿನ ಸೀಸದ ಜಾಲರಿ ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ಪೆಟ್ಟು ತಿಂದ ಬ್ಯಾಟರಿ ಕೈಕೊಡೋದು ಮಾತ್ರ ಬಹಳ ಸಲ ಚಳಿಗಾಲದಲ್ಲಿ. ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್‌ಗೆ ಹೆಚ್ಚು ಬಲ ಬೇಕಾಗುತ್ತದೆ, ಬ್ಯಾಟರಿಯ ಬಲ ಅದೇ ಹೊತ್ತಿಗೆ ಕುಗ್ಗಿರುತ್ತದೆ.

ನನ್ನ ಕಾರಿಗೂ ಹಾಗೇ ಆಯಿತು. ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಬೆಳಗ್ಗೆ ಸೆಲ್ಫ್ ಎಳೆದೆಳೆದು ತಿರುಗತೊಡಗಿತು. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಹುಡುಗ ಬಾನೆಟ್ ತೆಗೆಯೋ ಮೊದಲೇ, "ಬ್ಯಾಟ್ರಿ ಹೋಗೈತ್ರಿ ಸರ, ಬದಲಿ ಮಾಡಿಬಿಡ್ರಿ" ಅಂದ. "ಮೊದಲ ಮೀಟರ್ ಹಚ್ಚಿ ನೋಡೋಣಪ್ಪಾ" ಅಂದೆ.

ಬ್ಯಾಟರಿ ಕೊಳ್ಳೋ ಮುಂಚೆ ಹಳೇದು ನಿಜವಾಗಿಯೂ ಸತ್ತಿದೆಯೇ ಅಂತ ನೋಡಲೇಬೇಕು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿದೆವು. ಬರೀ ಇಷ್ಟಕ್ಕೇ ಸರಿಹೋದ ಕಾರುಗಳೂ ಇವೆ. ನನ್ನದು ಸರಿಹೋಗಲಿಲ್ಲ.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ಅಥವಾ ಅದಕ್ಕಿಂತ ಮೇಲೆ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಅಂತ ಅರ್ಥ. 12.4 ಅಂದ್ರೆ ಸುಮಾರು ಮುಕ್ಕಾಲು. 12ರ ಕೆಳಗೆ ಬಂದರೆ ಹೆಚ್ಚುಕಮ್ಮಿ ಖಾಲಿ. ನನ್ನದು 12.2 ತೋರಿಸಿತು. ಇದೊಂದನ್ನೇ ನೋಡಿ ಬ್ಯಾಟರಿ ಕೆಟ್ಟಿದೆ ಅನ್ನೋಕಾಗಲ್ಲ. ಮನೆಯಿಂದ ಗಾಂಧಿ ಚೌಕಕ್ಕೆ, ಅಲ್ಲಿಂದ ಮನೆಗೆ ಅಂತ ಸುಮ್ನೆ ಸಣ್ಣ ಓಡಾಟ ಮಾಡ್ತಾ ಇದ್ದರೆ ಒಳ್ಳೇ ಬ್ಯಾಟರಿಯೂ ಪೂರ್ತಿ ಚಾರ್ಜ್ ಆಗೋದಿಲ್ಲ. ಹಾಗಾಗಿ ಎಂಜಿನ್ ಚಾಲೂ ಮಾಡಿ ಮತ್ತೆ ಅಳೆದೆವು. 14.2 ಬಂತು, ಅಂದ್ರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ. ಇಲ್ಲಿ 13.5ಕ್ಕಿಂತ ಕಮ್ಮಿ ಬಂದಿದ್ದರೆ ಮೊದಲು ಆಲ್ಟರ್ನೇಟರ್ ನೋಡಿಸಬೇಕಿತ್ತು. ಅದು ಕೆಟ್ಟಿದ್ದರೆ ಎಂಥ ಹೊಸ ಬ್ಯಾಟರಿ ಹಾಕಿದರೂ ಡೌನ್ ಆಗುತ್ತದೆ.

ಆಮೇಲೆ ಬ್ಯಾಟರಿಯನ್ನು ಬಿಚ್ಚಿ ಚಾರ್ಜಿಂಗ್‌ಗೆ ಹಾಕಿದೆವು. ಮರುದಿನ 12.6ಕ್ಕೆ ನಿಂತಿತ್ತು. ಕೂಡಿಸಿದ ಮೇಲೆ ನಾನು ಚಾವಿ ತಿರುಗಿಸಿದೆ, ಹುಡುಗ ಮೀಟರ್ ಹಿಡಿದಿದ್ದ. ಸೆಲ್ಫ್ ತಿರುಗುವಷ್ಟು ಹೊತ್ತು ಅಂಕಿ ಎಂಟರ ಹತ್ತಿರ ಇಳಿದು ಅಲ್ಲೇ ಒದ್ದಾಡಿತು. ಸೆಲ್ಫ್ ಹೊಡೆಯುವಾಗ 9.6ರ ಮೇಲಿರಬೇಕು. ಪೂರ್ತಿ ಚಾರ್ಜ್ ಆದ ಮೇಲೂ ಇಷ್ಟು ಬಿದ್ದರೆ ಆ ಬ್ಯಾಟರಿಯ ಕತೆ ಮುಗಿಯಿತು. ಅದರ ಮೇಲಿನ ಸಣ್ಣ ಕಿಂಡಿಯಲ್ಲಿ ಆಗಲೂ ಚಾರ್ಜ್ ಇದೆ ಅನ್ನೋ ಹಸಿರೇ ಕಾಣುತ್ತಿತ್ತು! ಒಳಗೆ ಆರು ಸೆಲ್ ಇರುತ್ತವೆ. ಆ ಕಿಂಡಿ ಒಂದೇ ಸೆಲ್‌ನ ಸ್ಥಿತಿ ತೋರಿಸುತ್ತದೆ. ಹಸಿರು ಕಂಡಿತು ಅಂತ ನೆಮ್ಮದಿಯಾಗಿ ಇರಬೇಡಿ.

ಹೊಸದಕ್ಕೆ ಹೋಗುವಾಗ ಹಳೇ ಬ್ಯಾಟರಿ ಮೇಲಿನ ಬರಹದ ಫೋಟೋ ತೆಗೆದುಕೊಂಡೆ. ನನ್ನದು ಸಣ್ಣ ಪೆಟ್ರೋಲ್ ಕಾರು, 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ), ಮೇಲೆ 38ಬಿ20ಎಲ್ ಅಂತ ಇತ್ತು. 38 ಅನ್ನೋದು ಬಲದ ದರ್ಜೆ. ಬಿ ಅಗಲ-ಎತ್ತರದ ಗುರುತು. 20 ಅಂದ್ರೆ ಉದ್ದ, ಹೆಚ್ಚುಕಮ್ಮಿ 20 ಸೆಂಟಿಮೀಟರ್. ಕೊನೆಯ ಎಲ್ ಟರ್ಮಿನಲ್ ಯಾವ ಕಡೆ ಅನ್ನೋದನ್ನು ಹೇಳುತ್ತದೆ. ಎಲ್ ಬದಲು ಆರ್ ತಂದರೆ ಪ್ಲಸ್-ಮೈನಸ್ ಅದಲುಬದಲಾಗಿ ವೈರ್ ಮುಟ್ಟೋದೇ ಇಲ್ಲ. ಎಳೆದು ಉಲ್ಟಾ ಕೂಡಿಸಿದರಂತೂ ಕಾರಿನ ಎಲೆಕ್ಟ್ರಾನಿಕ್ಸ್ ಸುಡಬಹುದು.

"ಸ್ವಲ್ಪ ದೊಡ್ಡದ ಹಾಕ್ರಿ, ಗಟ್ಟಿ ಇರತೈತಿ" ಅನ್ನೋ ಸಲಹೆ ನನಗೆ ಎಲ್ಲಾ ಅಂಗಡಿಯಲ್ಲೂ ಸಿಕ್ಕಿತು. ಆಲ್ಟರ್ನೇಟರ್‌ಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ತೊಂದರೆ ಇರೋದು ಕೂರೋ ಜಾಗದಲ್ಲಿ. ಟ್ರೇನಲ್ಲಿ ಸರಿಯಾಗಿ ಕೂರದೆ, ಮೇಲಿನ ಪಟ್ಟಿ ಬಿಗಿಯಾಗದೆ ಅಲುಗಾಡುವ ಬ್ಯಾಟರಿಯ ಪ್ಲೇಟುಗಳು ನಮ್ಮ ಹಳ್ಳಿ ರಸ್ತೆಗಳಲ್ಲಿ ಬೇಗ ಉದುರುತ್ತವೆ. ನಾನು ಅದೇ ಅಳತೆಯದ್ದನ್ನೇ ತಗೊಂಡೆ. ಡೀಸೆಲ್ ಗಾಡಿಗೆ ಇನ್ನೂ ದೊಡ್ಡದೇ ಬೇಕು, ಅದನ್ನು ಕಂಪನಿಯೇ ಗೊತ್ತು ಮಾಡಿರುತ್ತದೆ. ಸಿಗ್ನಲ್‌ನಲ್ಲಿ ತಾನೇ ಬಂದ್ ಆಗಿ ಕ್ಲಚ್ ಒತ್ತಿದ ಕೂಡಲೇ ಚಾಲೂ ಆಗುವ ಕಾರು ನಿಮ್ಮದಾದರೆ ಇಎಫ್‌ಬಿ ಅಥವಾ ಎಜಿಎಂ ಅನ್ನೋ, ಪದೇಪದೇ ಸ್ಟಾರ್ಟ್ ಆಗೋದನ್ನು ತಾಳುವ ಬಗೆಯ ಬ್ಯಾಟರಿಗಳಲ್ಲಿ ಮೊದಲು ಯಾವುದಿತ್ತೋ ಅದನ್ನೇ ಹಾಕಿಸಿ. ಅಗ್ಗ ಅಂತ ಸಾದಾ ಬ್ಯಾಟರಿ ಹಾಕಿದರೆ ಅಷ್ಟೊಂದು ಸಲ ಸ್ಟಾರ್ಟ್ ಆಗೋದನ್ನು ಅದು ತಾಳೋದಿಲ್ಲ.

ಕಂಪನಿ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಎಕ್ಸೈಡ್, ಅಮರಾನ್ ಎರಡರ ಸರ್ವಿಸ್ಸೂ ಎಲ್ಲಾ ಊರಲ್ಲೂ ಸಿಗುತ್ತದೆ. ಕೇಳಬೇಕಾದ್ದು ವಾರಂಟಿಯ ಒಳಲೆಕ್ಕ. ಬೋರ್ಡಿನ ಮೇಲೆ 48 ತಿಂಗಳು ಅಂತ ದೊಡ್ಡದಾಗಿ ಇರುತ್ತದೆ. ಅದರಲ್ಲಿ 24 ತಿಂಗಳು ಮಾತ್ರ ಪುಕ್ಕಟೆ ಬದಲಿ ಇರಬಹುದು. ಉಳಿದ 24 ತಿಂಗಳಲ್ಲಿ ಕೆಟ್ಟರೆ ಹೊಸದರ ಎಂಆರ್‌ಪಿ ಮೇಲೆ ರಿಯಾಯಿತಿ ಅಷ್ಟೇ. ಅಂಗಡಿಯವರು ಎಂಆರ್‌ಪಿಗಿಂತ ಕಮ್ಮಿಗೆ ಹೇಗೂ ಕೊಡ್ತಾರೆ, ಹಾಗಾಗಿ ಆ ರಿಯಾಯಿತಿಯಲ್ಲಿ ಕೈಗೆ ಹತ್ತೋದು ಸ್ವಲ್ಪವೇ. ನಮ್ಮ ಬಿಸಿಲಿಗೆ ಪುಕ್ಕಟೆ ಅವಧಿ ಯಾವುದಕ್ಕೆ ಜಾಸ್ತಿ ಇದೆಯೋ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ ಅನ್ನೋದು ನನ್ನ ಲೆಕ್ಕ.

ಅದಕ್ಕಿಂತಲೂ ನಾನು ಪಟ್ಟು ಹಿಡಿದದ್ದು ತಾಜಾ ಮಾಲಿಗಾಗಿ. ಬ್ಯಾಟರಿ ಬಳಸದೆ ಇಟ್ಟರೂ ಅದರ ಚಾರ್ಜ್ ತಾನಾಗಿಯೇ ಇಳಿಯುತ್ತದೆ. ಕಾದ ಗೋದಾಮಿನಲ್ಲಿ ಇನ್ನೂ ಬೇಗ. ಇಳಿದು ಹಾಗೇ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಬಲ ಬರೋದಿಲ್ಲ. ಅಂಗಡಿಯವರು ಮೊದಲು ತೆಗೆದಿಟ್ಟ ಬ್ಯಾಟರಿಯ ತಲೆ ಮೇಲೆ ಬೆರಳು ಎಳೆದರೆ ಗೆರೆ ಮೂಡುವಷ್ಟು ಧೂಳಿತ್ತು. ಮೀಟರ್ ಹಚ್ಚಿದರೆ 12.3.

"ಕಾಕಾ, ಇದ ಬ್ಯಾಡ್ರಿ, ಬ್ಯಾರೇದ ತೋರಸ್ರಿ."

"ಎಲ್ಲಾ ಒಂದ ಅದಾವ್ರಿ ಸರ."

"ಒಂದ ಇದ್ರ ಹೊಸಾದ್ನ ಕೊಡ್ರಲ್ಲ."

ನಕ್ಕು ಒಳಗಿಂದ ಇನ್ನೊಂದು ತಂದರು. 12.7 ಇತ್ತು. ತಯಾರಾದ ತಿಂಗಳು ಮೈಮೇಲಿನ ಕೋಡಿನಲ್ಲಿ ಇರುತ್ತದೆ, ಅದನ್ನು ಅವರಿಂದಲೇ ಓದಿಸಿ ಬಿಲ್ಲಿನ ಮೇಲೆ ಬರೆಸಿಕೊಂಡೆ. ಮೂರು ತಿಂಗಳೊಳಗಿನ ಮಾಲು ಸಿಕ್ಕರೆ ಸಾಕು.

ಮೇಲೆ ಮುಚ್ಚಳ ಬಿಚ್ಚಲು ಬರುವ ಮಾಡೆಲ್ಲನ್ನೇ ಆರಿಸಿದೆ. ಬೇಸಿಗೆಯಲ್ಲಿ ನೀರಿನ ಮಟ್ಟ ನೋಡಬಹುದು, ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಬಹುದು. ನಮ್ಮ ಬೋರ್ ನೀರು ಗಡಸು, ಅದನ್ನು ಎಂದೂ ಹಾಕಬಾರದು. ಆಸಿಡ್ಡನ್ನೂ ಹಾಕಬಾರದು, ಆರೋದು ನೀರು ಮಾತ್ರ.

ಹಳೇದನ್ನು ಅಲ್ಲೇ ಕೊಟ್ಟೆ, ಅದರ ಬೆಲೆ ಬಿಲ್ಲಿನಲ್ಲಿ ಕಳೆದರು. ಗುಜರಿ ಗಾಡಿಯವರಿಗೆ ಹಾಕೋದಕ್ಕಿಂತ ಇದೇ ಒಳ್ಳೇದು. ಒಳಗಿನ ಸೀಸ ಮತ್ತೆ ಕರಗಿ ಹೊಸ ಬ್ಯಾಟರಿಯಾಗುತ್ತದೆ, ನಮ್ಮ ಚರಂಡಿ ಸೇರೋದಿಲ್ಲ. ಕೂಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಬಿಚ್ಚುವಾಗ ಮೊದಲು ಮೈನಸ್. ಪಾನಾ ತಪ್ಪಿ ಕಾರಿನ ಲೋಹದ ಮೈಗೆ ತಾಗಿದರೂ ಕಿಡಿ ಹಾರಬಾರದು ಅಂತ ಈ ಕ್ರಮ. ಟರ್ಮಿನಲ್‌ಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ವಾರಂಟಿ ಕಾರ್ಡಿಗೆ ಅಂಗಡಿಯ ಸಿಕ್ಕಾ ಹಾಕಿಸಿ, ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಂಡೆ.